ಸಾದಾ ಗಾಡಿ ಬೇಕ್ರಿ, ಆದ್ರ...

ಅಲ್ರಿ, ಖರೇ ಹೇಳ್ರಿ. "ಈ ಕಂಪನಿಯವ್ರಿಗಿ ಬುದ್ಧಿ ಇಲ್ಲ ನೋಡ್ರಿ. ಥಳಕು-ಬಳಕು ಎಲ್ಲಾ ತಗದು, ಬರೇ ದುಡಿಯೂವಂಥಾದ್ದು ಒಂದ ಸಾದಾ ಟ್ರ್ಯಾಕ್ಟರ್ ಅಗ್ಗದಾಗ ಮಾಡಿಕೊಡಾಕ ಏನ ಧಾಡಿ?" ಅಂತ ಕರೋಶಿ ಚಾದಂಗಡ್ಯಾಗ ಭಾಷಣ ಹೊಡದಾವ್ರು ನೀವ ಹೌದಲ್ಲೋ? (ಇಲ್ಲ ಅನಬ್ಯಾಡ್ರಿ. ನಿಮ್ಮ ಚಾದ ರೊಕ್ಕಾ ಕೊಟ್ಟಾವ ನಾನ.)

ಮಾತೇನ ತಪ್ಪಲ್ಲ ಬಿಡ್ರಿ. ಹೊಲಕ್ಕ ಬೇಕಾದ್ದರ ಏನು? ನೇಗಲಾ ಎಳೀಬೇಕು, ರೋಟಾವೇಟರ್ ತಿರುಗಸಬೇಕು, ಹೈಡ್ರಾಲಿಕ್ ಎತ್ತಬೇಕು, ಎರಡ ಟ್ರೇಲರ್ ಕಬ್ಬ ಹೇರಿದಾಗ ಬ್ರೇಕ್ ಹಿಡೀಬೇಕು. ಕಬ್ಬು ಚಿಕ್ಕೋಡಿ ದೂಧಗಂಗಾ ಫ್ಯಾಕ್ಟರಿಗಿ ಹೋಗ್ಲಿ, ನಿಪ್ಪಾಣಿ ಹಾಲಸಿದ್ಧನಾಥಕ್ಕ ಹೋಗ್ಲಿ, ಉಗಾರಕ್ಕ ಹೋಗ್ಲಿ. ಕಾಟಾದ ಮ್ಯಾಲ ನಿಂತಾಗ "ನಿನ್ನ ಬಂಪರ್ ಎಷ್ಟ ಹೊಳೀತೈತಿ ತೋರಸು" ಅಂತ ಯಾರರ ಕೇಳ್ಯಾರೇನು?

ಅಷ್ಟೆಲ್ಲಾ ಗೊತ್ತಿದ್ದಾವ್ರು ಶೋರೂಮಿಗಿ ಹ್ಯಾಂಗ ಹೋಗ್ತೀರಿ? ಒಬ್ಬರ ಹೋಗ್ತೀರೇನು? ಮಾವ, ಅಳಿಯ, ತಮ್ಮನ ಮಗ, ಡ್ರೈವರ್, ಜೋಡಿ ಇಬ್ಬರು "ತಿಳಿದಾವ್ರು". ಸೇಲ್ಸ್ ಹುಡುಗ ಚಾ ಕೊಟ್ಟು ಸಾವಕಾಶ ಅಂತಾನ, "ಸಾವಕಾರ್ರ, ಇದು ಬೇಸ್ ಮಾಡೆಲ್. ನಿಮ್ಮಂಥಾವ್ರು ಇದನ್ನ ಒಯ್ಯೂದಿಲ್ಲ ಬಿಡ್ರಿ." ಮುಗೀತು ನೋಡ್ರಿ! ಆ ಒಂದ ಮಾತಿಗಿ ಅರ್ಧಾ ಎಕರೆ ಕಬ್ಬಿನ ಬಿಲ್ ಹೋತು.

ಮನ್ನಿ ಮನ್ನಿದ ಮಾತ ತಗೋರಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮ್ಯಾಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳೀತು. ಎಂಟ್ಹತ್ತು ಲಕ್ಷದ ಗಾಡಿಗಿ ಹತ್ತಿರ ಹತ್ತಿರ ಅರ್ಧಾ ಲಕ್ಷ ಉಳೀತು. ನೀವು ಖುಷಿಯಿಂದ ಪೇಢೆ ಹಂಚಿದ್ರಿ. ಆ ಉಳಿದ ರೊಕ್ಕ ಈಗ ಎಲ್ಲಿ ಐತ್ರಿ? (ನಾ ಹೇಳ್ಲೇನು? ಸೀಟಿನ ಹಿಂದ ಊಫರ್ ಆಗಿ ಕುಂತೇತಿ.)

ಬರೇ ಊಫರ್ ಇದ್ರ ಸುಮ್ನಿರ್ತಿದ್ನಿ. ಮುಂದ ಗುಂಡಗ ಹೊಳಿಯೂ ಬಂಪರ್, ಮ್ಯಾಲ ಬಣ್ಣದ ಲೈಟು, ಕಿವಿಗಿ ಗೊಂಡೆ, ಮಡ್‌ಗಾರ್ಡ್ ಮ್ಯಾಲ ಮಕ್ಕಳ ಹೆಸರು, ಹಿಂದ ಕೊಲ್ಲಾಪುರದಿಂದ ತಂದ "ನಾದ್ ಖುಳಾ" ಸ್ಟಿಕರ್. ಸೀಜನ್‌ದಾಗ ರಾತ್ರಿ ಎರಡ ಗಂಟೇಕ್ಕ ನಿಮ್ಮ ಗಾಡಿ ಹಾದ ಹೋತಂದ್ರ ದನಾ ಸುದ್ದಾ ಎದ್ದ ಕುಂದರ್ತಾವು. ಅಲ್ರಿ, ಕಬ್ಬಿಗಿ ಹಾಡ ಕೇಳಿಸಿದ್ರ ಸಕ್ಕರಿ ರಿಕವರಿ ಹೆಚ್ಚ ಬರತೈತೇನು?

ಹೌಸಿಗಿ ಮೋಲ ಇಲ್ಲ ಅಂತೀರಿ. ಇರ್ಲಿ. ಹಂಗಂತ ನೀವೊಬ್ಬರ ಹಿಂಗ ಅಂತ ನಾಚಕೋಬ್ಯಾಡ್ರಿ. ಅಮೆರಿಕಾದಾಗ ನಿಮ್ಮ ಅಣ್ತಮ್ಮರು ಬಾಳ ಮಂದಿ ಅದಾರು. ಅವ್ರ ಕಡೆ ಟ್ರ್ಯಾಕ್ಟರ್ ಬದಲಿ ಬೋಟ್ ಐತಿ, ಅಷ್ಟ ಫರಕ್.

1922ರಾಗ ಮಿನ್ನೆಸೋಟಾದ ಪೆಪಿನ್ ಅನ್ನೂ ಕೆರ್ಯಾಗ ರಾಲ್ಫ್ ಸ್ಯಾಮ್ಯುಯೆಲ್ಸನ್ ಅನ್ನೂ 18 ವರ್ಷದ ಹುಡುಗ ಕಾಲಿಗಿ ಎರಡ ಹಲಗಿ ಕಟಗೊಂಡು, ಬೋಟಿಗಿ ಹಗ್ಗಾ ಹಾಕಿ, ನೀರ ಮ್ಯಾಲ ಜಾರಿದ. ವಾಟರ್ ಸ್ಕೀ ಅಂತ ಆಟ ಆತು. ಈಗ ಅದಕ್ಕ ಟೂರ್ನಮೆಂಟ್ ಅದಾವು. ಬೋಟು ನಟ್ಟ ನಡುವ ಸೀದಾ ಹೋಗೂದು, ಹಿಂದಿನಾವ ನೀರಾಗ ತೇಲೂ ಆರ ಬುಯ್ ಸುತ್ತ ಹಾವಿನಂಗ ಹೊಳ್ಳೂದು. ಗಂಡಸರ ಆಟದಾಗ ಬೋಟಿನ ವೇಗ ತಾಸಿಗಿ 58 ಕಿಲೋಮೀಟರ್ ಮಟ.

ಇದಕ್ಕ ಬೋಟ್ ಎಂಥಾದ್ದ ಬೇಕು? ವೇಗ ಒಂದ ಸಮ ಹಿಡೀಬೇಕು, ಹಿಂದ ತೆರಿ ಸಣ್ಣದಾಗಿ ಏಳಬೇಕು. ತೀರಿತು. ಆದ್ರ ಮಾಸ್ಟರ್‌ಕ್ರಾಫ್ಟ್, ನಾಟೀಕ್ ಅಂಥಾ ಕಂಪನಿ ಹೊಸಾ ಬೋಟಿನ ರೇಟ್ ಕೇಳೀರೇನು? ಒಂದ ಲಕ್ಷ ಡಾಲರ್ ದಾಟಿ ಹೋಗೇತಿ. ಅಷ್ಟ ರೊಕ್ಕಕ್ಕ ಇಲ್ಲಿ ಟ್ರ್ಯಾಕ್ಟರ್‌ದ ಒಂದ ಮೆರವಣಿಗಿನ ತಗದೀರಿ.

"ಟಚ್ ಸ್ಕ್ರೀನ್ ತಗೀರಿ, ಮೆತ್ತನ್ನ ಸೀಟ್ ತಗೀರಿ, ಸ್ಪೀಕರ್ ತಗೀರಿ, ಎಂಜಿನ್ ಮತ್ತ ಹಗ್ಗಾ ಕಟ್ಟಾಕ ಒಂದ ಕಂಬ ಕೊಡ್ರಿ ಸಾಕು" ಅಂತ ಅಲ್ಲಿ ಆಟಗಾರರು ಗೊಣಗತಾರು. ಧ್ವನಿ ಎಲ್ಲೋ ಕೇಳಿದಂಗ ಐತಲ್ಲ? ಆದ್ರ ರೊಕ್ಕಾ ಬಿಚ್ಚೂ ಗಿರಾಕಿ ಬ್ಯಾರೆ. ಅವ್ರಿಗಿ ಬೇಕಾದ್ದು ವೇಕ್ ಬೋಟ್. ಅದು ಹೊಟ್ಟ್ಯಾಗ ನೀರ ತುಂಬಕೊಂಡು ಭಾರ ಆಗಿ, ಬೇಕಂತನ ದೊಡ್ಡ ತೆರಿ ಎಬ್ಬಸತೈತಿ. (ಅಲ್ಲೂ ಸ್ಪೀಕರ್ ಕಂಬಕ್ಕ ಏರ್ಸಿ ಕಟ್ತಾರ್ರಿ! ನಿಮ್ಮ ಹುಡುಗನ್ನ ಅಲ್ಲಿ ಕಳಸಿದ್ರ ಒಂದ ದಿನದಾಗ ಹೊಂದಕೊಂತಾನ.)

ಹಂಗಾರ ಸಾದಾ ಬೋಟ್ ಬೇಕನ್ನಾವ ಏನ ಮಾಡ್ತಾನು? ಹಳೇದ ತಗೋತಾನ. ನೀವೇನ ಮಾಡ್ತೀರಿ? ಕಂತ ಕಟ್ಟಲಾರದ್ದಕ್ಕ ಫೈನಾನ್ಸಿನವ್ರು ಸೀಜ್ ಮಾಡಿ ತಂದ ನಿಲ್ಲಿಸಿದ ಗಾಡಿ ನೋಡಾಕ ಹೋಗ್ತೀರಿ. ಇಲ್ಲಂದ್ರ ಯಾರದರ ಮನಿ ಹಿತ್ತಲದಾಗಿನ ಹಳೇ ಎಚ್‌ಎಂಟಿ ಟ್ರ್ಯಾಕ್ಟರ್ ಮ್ಯಾಲ ಕಣ್ಣ ಹಾಕ್ತೀರಿ.

ಇಲ್ಲೇ ಐತಿ ನೋಡ್ರಿ ಗುಟ್ಟು. (ಜರಾ ಹತ್ರ ಬರ್ರಿ, ಡೀಲರ್ ಕೇಳಿಸಿಕೊಂಡಾನು.) ಸಾದಾ ಬೇಕನ್ನಾವ ಹೊಸಾ ಗಾಡಿ ತಗೊಳ್ಳೂದ ಇಲ್ಲ, ಹೊಸಾದ್ದು ತಗೊಳ್ಳಾವ ಸಾದಾ ಕೇಳೂದ ಇಲ್ಲ. ಕಂಪನಿ ನಿಮ್ಮ ಭಾಷಣ ಕೇಳೂದಿಲ್ಲ, ಬುಕ್ಕಿಂಗ್ ವಹಿ ನೋಡತೈತಿ. ಆ ವಹ್ಯಾಗ ನಿಮ್ಮ ಹೆಸರ ಮುಂದ ಬರದದ್ದು ಫುಲ್ ಆಪ್ಶನ್.

ಒಮ್ಮೆ ಒಬ್ಬರು ನಿಮ್ಮ ಮಾತ ನಂಬಿದ್ರು, ನೆನಪೈತೇನು? ರತನ್ ಟಾಟಾ. 2008ರ ಜನವರಿಯೊಳಗ ದಿಲ್ಲಿಯಾಗ ನ್ಯಾನೋ ತೋರಿಸಿದ್ರು, 2009ಕ್ಕ ಮಾರಾಕ ತಂದ್ರು. ಒಂದ ಲಕ್ಷದ ಕಾರು! ಒಂದ ವೈಪರ್, ಬೇಸ್ ಮಾಡೆಲ್‌ಗೆ ಎ.ಸಿ. ಇಲ್ಲ, ಚಾಕಕ್ಕ ಮೂರ ಮೂರ ನಟ್. ನೀವ ಬೇಡಿದ್ದು ಬೇಡಿದಂಗ.

ನೀವೇನ ಮಾಡಿದ್ರಿ? ಸುತ್ತ ತಿರುಗಿ ನೋಡಿದ್ರಿ, ಬಾಗಲಾ ತಗದು ಹಾಕಿದ್ರಿ, "ಚಲೋ ಐತಿ, ಬಡವ್ರಿಗಿ ಅನುಕೂಲ ಆತು" ಅಂದ್ರಿ. ಹೋಗಿ ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ತಂದ್ರಿ. 2018ರ ಜೂನ್‌ದಾಗ ಇಡೀ ತಿಂಗಳಿಗಿ ತಯಾರಾದ ನ್ಯಾನೋ ಎಷ್ಟ ಗೊತ್ತೇನು? ಒಂದ.

ವಿಮಾನದ ಕತಿನೂ ಕೇಳ್ರಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಾಗ ಏರ್ ಡೆಕ್ಕನ್ ಚಾಲೂ ಮಾಡಿದ್ರು, ಬೆಂಗಳೂರಿಂದ ನಮ್ಮ ಹುಬ್ಬಳ್ಳಿಗಿ. ಊಟಾ ಪುಕಟ ಇಲ್ಲ, ನೀರಿಗಿ ರೊಕ್ಕಾ, ಟಿಕೆಟ್ ಮಾತ್ರ ಅಗ್ಗ. ಮುಂದ ಒಂದ ರೂಪಾಯಿ ಟಿಕೆಟ್ಟೂ ಬಂತು. ಇಲ್ಲಿ ಜನಾ ಹತ್ತಿದ್ರು, ಸುಳ್ಳ್ಯಾಕ ಹೇಳ್ಲಿ.

ಆದ್ರ ಹತ್ತಿ ಕುಂತಾವ್ರು ಏನಂದ್ರು? "ಒಂದ ಕಪ್ ಚಾ ಸುದ್ದಾ ಕೊಡೂದಿಲ್ಲೇನ್ರಿ?" (ಬಸ್‌ನ್ಯಾಗ ಕಂಡಕ್ಟರ್‌ಗೆ ಎಂದರ ಹಿಂಗ ಕೇಳೀರೇನು?) ಮುಂದ 2007ರಾಗ ಥಳಕಿನ ಕಿಂಗ್‌ಫಿಶರ್ ವಿಮಾನ ಕಂಪನಿ ಬಂದು ಡೆಕ್ಕನ್‌ದಾಗ ಪಾಲ ಹಿಡೀತು, 2008ಕ್ಕ ಎರಡೂ ಕೂಡಿದ್ವು, 2012ಕ್ಕ ಕಿಂಗ್‌ಫಿಶರ್ ಹಾರೂದ ನಿಂತ ಹೋತು. ಸಾದಾದ್ದೂ ಹೋತು, ಥಳಕಿಂದೂ ಹೋತು.

"ಹಂಗಾರ ನಮಗ ಸಾದಾ ಬೇಕಾಗೂದ ಇಲ್ಲೇನು?" ಅಂತ ಸಿಟ್ಟ ಆಗಬ್ಯಾಡ್ರಿ. ಬೇಕಾಗತೈತಿ. ಯಾವಾಗ? ಎತ್ತಿನ ಗಾಡಿ ಶರ್ಯತ್ತಿನ ದಿನ! ಅವತ್ತ ನಿಮ್ಮ ಗಾಡಿ ನೋಡಬೇಕ್ರಿ. ಕಬ್ಬ ಹೇರೂ ಗಾಡಿ ಮನ್ಯಾಗ ನಿಂತಿರತೈತಿ, ಶರ್ಯತ್ತಿಗಿ ಹಗುರ ಗಾಡಿ. ಒಂದ ಹಲಗಿ ಹೆಚ್ಚಿಲ್ಲ, ಒಂದ ಗೊಂಡೆ ಜೋತಾಡೂದಿಲ್ಲ.

2014ರಾಗ ಸುಪ್ರೀಂ ಕೋರ್ಟ್ ಈ ಓಟಾ ಬಂದ್ ಮಾಡಿದಾಗ ಎಷ್ಟ ಒದ್ದಾಡಿದ್ರಿ! ಕಂಬಳದ ಜೋಡಿ ಎತ್ತಿನ ಗಾಡಿ ಓಟಕ್ಕೂ 2017ರಾಗ ರಾಜ್ಯ ಕಾಯದೆ ತಿದ್ದಿತು, 2023ರ ಮೇ 18ಕ್ಕ ಅದ ಕೋರ್ಟು ಆ ತಿದ್ದುಪಡಿ ಎತ್ತಿ ಹಿಡೀತು. ಅಷ್ಟೆಲ್ಲಾ ಹೋರಾಟ ಆಗಿ ಮತ್ತ ಬಂದ ಶರ್ಯತ್ತಿಗೂ ನೀವು ಊಫರ್ ಕಟ್ಟಲಿಲ್ಲ. ಯಾಕ್ರಿ?

ಜಾತ್ರ್ಯಾಗ ಟ್ರೇಲರ್ ಹಚ್ಚಿ ಟ್ರ್ಯಾಕ್ಟರ್ ರಿವರ್ಸ್ ಹೊಡಿಯೂ ಸ್ಪರ್ಧಾ ನೋಡ್ರಿ. ಆಗ ಡ್ರೈವರ್ ಪೈಲಾ ಏನ ಮಾಡ್ತಾನ? ಹಾಡ ಬಂದ್ ಮಾಡ್ತಾನ. ಹಿಂದಿನ ಚಾಕದ ಮ್ಯಾಲ ಕಣ್ಣ ಇಡ್ತಾನ. ಗೆಲ್ಲೂದಿದ್ದಾಗ ನಿಮಗ ಬರೋಬ್ಬರಿ ಗೊತ್ತಿರತೈತ್ರಿ ಏನ ಬೇಕು, ಏನ ಬ್ಯಾಡ ಅಂತ. ಓಣ್ಯಾಗ ಹಾಯೂದಿದ್ದಾಗಷ್ಟ ಮರೀತೀರಿ.

ಅದಕ್ಕ ಒಂದ ಕೆಲಸಾ ಮಾಡೂಣು. ಕರೋಶಿಯಿಂದ ಕಾಗವಾಡ ಮಟ ಸಹಿ ಕೂಡಸೂಣು, ಕಂಪನಿಗಿ ಬರೆಯೂಣು: "ಸಾದಾ ಟ್ರ್ಯಾಕ್ಟರ್ ಕೊಡ್ರಿ, ಅಗ್ಗ ಕೊಡ್ರಿ." ಕರಾರು ಇಷ್ಟ. ಬಣ್ಣ ಬೂದಿ ಒಂದ. ಸ್ಟಿಕರ್ ಹಚ್ಚಂಗಿಲ್ಲ, ಹೆಸರ ಬರಸಂಗಿಲ್ಲ, ಹಾಡ ಹಚ್ಚಂಗಿಲ್ಲ. ಪೂಜಾ ಮಾಡಿಸಿದ ದಿನ ಬೀಗರ ಮನಿ ಮುಂದಿಂದನ ಒಯ್ಯಬೇಕು.

ಹೂಂ, ಹೇಳ್ರಿ, ಪೈಲಾ ಬುಕ್ಕಿಂಗ್ ಯಾರ ಹೆಸರಿಗಿ ಬರೀಲಿ? (ನಿಮ್ಮ ತಮ್ಮನ ಹೆಸರ ಹೇಳಬ್ಯಾಡ್ರಿ. ಅಂವ ಆಗಳೇ ನಿಮ್ಮ ಹೆಸರ ಹೇಳಿ ಹೋಗ್ಯಾನ.)