ಥರ್ಡ್ ಲ್ಯಾಂಗ್ವೇಜ್ ಹುಡುಗ

ಎಸ್ಸೆಸ್ಸೆಲ್ಸಿ ಹುಡುಗರಲ್ಲಿ ನಾನಾ ನಮೂನೆ. ಗಣಿತಕ್ಕೆ ಹೆದರುವವನು, ಇಂಗ್ಲಿಷಿಗೆ ಹೆದರುವವನು, ಅಪ್ಪನೊಬ್ಬನಿಗೇ ಹೆದರುವವನು. ಇವರು ನಾಡಿನ ಯಾವ ಊರಲ್ಲೂ ಸಿಗುತ್ತಾರೆ. ನಾಲ್ಕು ಭಾಷೆಯಲ್ಲಿ ಪಟಪಟ ಮಾತಾಡಿ, ಪರೀಕ್ಷೆಯ ಮೂರನೇ ಭಾಷೆಯಲ್ಲಿ ಮಾತ್ರ ಢುಮ್ಕಿ ಹೊಡೆಯುವವನನ್ನು ನೋಡಬೇಕಾದರೆ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ಕಡೆ ಬರಬೇಕು.

ಇವನು ಮನೆಯಲ್ಲಿ ಕನ್ನಡದವನು. ಭತ್ತದ ಗದ್ದೆಗೆ ಕೂಲಿಗೆ ಹೋದರೆ ಕ್ಯಾಂಪಿನ ರೈತರೊಂದಿಗೆ ತೆಲುಗಿನವನು; ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಈ ಸೀಮೆಗೆ ಬಂದ ತೆಲುಗು ಅದು. ಗ್ಯಾರೇಜಿನಲ್ಲಿ, ಸಂತೆಯಲ್ಲಿ ದಖನಿಯವನು. ಸಿಂಧನೂರಿನ ಆರ್‌.ಎಚ್. ಕ್ಯಾಂಪುಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಹುಡುಗನೊಬ್ಬ ಗೆಳೆಯನಾಗಿದ್ದರಂತೂ ಬಂಗಾಳಿಯಲ್ಲಿ ಬೈಯುವಷ್ಟು ಪಾಂಡಿತ್ಯ. ಇಷ್ಟೆಲ್ಲ ಇದ್ದೂ ಅಂಕಪಟ್ಟಿ ಕೈಗೆ ಬಂದಾಗ ಅಪ್ಪ ಕೇಳುವುದು ಒಂದೇ ಮಾತು: "ಭಾಷಾ ಒಂದರ ನೆಟ್ಟಗ ಬರಂಗಿಲ್ಲೇನಲೇ ನಿನಗ?"

ತೃತೀಯ ಭಾಷೆಗೆ ಸರ್ಕಾರದ ಪಟ್ಟಿಯಲ್ಲಿ ಆಯ್ಕೆಗೇನೂ ಬರವಿಲ್ಲ. ಹಿಂದಿ, ಸಂಸ್ಕೃತ, ಉರ್ದು, ಅರೇಬಿಕ್, ಕೊಂಕಣಿ, ತುಳು ಎಲ್ಲ ಇವೆ. ಆದರೆ ಶಾಲೆಗೆ ಯಾವ ಭಾಷೆಯ ಮೇಷ್ಟ್ರು ಬಂದಿದ್ದಾರೋ ಅದೇ ಹುಡುಗನ ಆಯ್ಕೆ. ಬಂದವರು ಹಿಂದಿ ಸರ್. ಆದ್ದರಿಂದ ಇವನಿಗೆ ಹಿಂದಿಯಲ್ಲಿ ಆಸಕ್ತಿ ಹುಟ್ಟಿತು ಎಂದು ದಾಖಲೆ ಹೇಳುತ್ತದೆ.

ಹತ್ತನೆಯ ತರಗತಿಯ 'ಹಿಂದಿ ವಲ್ಲರಿ' ಪುಸ್ತಕದಲ್ಲಿ ಪ್ರೇಮಚಂದರ 'ಕಶ್ಮೀರಿ ಸೇಬ್' ಎಂಬ ಪಾಠವಿದೆ. ಲೇಖಕರು ಅಂಗಡಿಯವನ ಮಾತು ನಂಬಿ, ರುಮಾಲು ಅವನ ಕೈಗೇ ಕೊಟ್ಟು ನಾಲ್ಕು ಸೇಬು ತರುತ್ತಾರೆ. ಮನೆಯಲ್ಲಿ ನೋಡಿದರೆ ತಿನ್ನುವಂಥದ್ದು ಒಂದೂ ಇಲ್ಲ. "ಇದರ ನೀತಿ ಏನಪ್ಪಾ?" ಎಂದು ಸರ್ ಕೇಳಿದರು. ಸಂತೆಯಲ್ಲಿ ಅವ್ವನ ಪಕ್ಕ ಕೂತು ಬದನೆಕಾಯಿ ಮಾರಿದ ಹುಡುಗ ಎದ್ದು ನಿಂತ: "ಪ್ರೇಮಚಂದರು ಸಂತಿ ಮಾಡಿದವರಲ್ಲ ಬಿಡ್ರಿ ಸರ್. ನೀನ ಆರಿಸಿ ಹಾಕಪಾ ಅಂತ ರುಮಾಲ ಕೊಟ್ರ ಯಾವಾಂವ ಚಲೋವು ಹಾಕ್ತಾನ್ರಿ?" ಕೊಳ್ಳುವವನು ಎಚ್ಚರವಾಗಿರಬೇಕು ಎಂಬುದೇ ಆ ಪಾಠದ ಸಾರ. ಉತ್ತರ ಪೂರ್ತಿ ಸರಿ. ಕನ್ನಡದಲ್ಲಿದ್ದುದರಿಂದ ಅಂಕ ಸೊನ್ನೆ.

ಹಾಗಂತ ಹಿಂದಿಯಲ್ಲಿ ಉತ್ತರಿಸಲಾರ ಎಂದುಕೊಳ್ಳಬೇಡಿ. ನಿನ್ನೆ ಯಾಕೆ ಬರಲಿಲ್ಲ ಎಂದರೆ, "ಬಾವಾ ಖೇತ್ ಕು ಬುಲಾಯೇ ಸರ್, ಇಸ್ಕೂಲ್ ನಕ್ಕೋ ಬೋಲೇ" ಎಂದು ನಿಂತಲ್ಲೇ ಒದರುತ್ತಾನೆ. ಸರ್‌ಗೆ ಹುಡುಗ ಬಾಯಿಬಿಟ್ಟನಲ್ಲ ಎಂದು ಖುಷಿ, ಇದರಲ್ಲಿ ಒಂದಕ್ಷರವೂ ಉತ್ತರಪತ್ರಿಕೆಗೆ ಬರದಲ್ಲ ಎಂದು ಸಂಕಟ. ಇವನ ಹಿಂದಿ ಪರೀಕ್ಷೆಯಲ್ಲಿ ನಡೆಯದು, ಸರ್ ಹೇಳಿಕೊಡುವ ಹಿಂದಿ ಸಂತೆಯಲ್ಲಿ ನಡೆಯದು. ನಡುವೆ ಕಾ, ಕೀ, ಕೇ ಎಂಬ ಮೂವರು ಪಹರೆ ನಿಂತಿದ್ದಾರೆ. ಪುಸ್ತಕ ಹೆಣ್ಣು, ನೀರು ಗಂಡು ಎಂದು ಕೇಳಿದ ದಿನದಿಂದ ಇವನು ಎರಡನ್ನೂ ದೂರ ಇಟ್ಟಿದ್ದಾನೆ, ಸ್ನಾನವೂ ವಾರಕ್ಕೊಮ್ಮೆ.

ಜನವರಿ ದಾಟಿದರೆ 'ಪಾಸಿಂಗ್ ಪ್ಯಾಕೇಜ್' ಕೈಗೆ ಬರುತ್ತದೆ. ಒಂದು ಪದ್ಯ ಬಾಯಿಪಾಠ, ಒಂದು ಪ್ರಬಂಧ, ಒಂದು ರಜೆ ಚೀಟಿ. ಆ ಚೀಟಿಯಲ್ಲಿ ಎಲ್ಲರಿಗೂ ಜ್ವರ. ಬೀದರಿನಿಂದ ಚಾಮರಾಜನಗರದವರೆಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದೇ ಬೆಳಿಗ್ಗೆ ಜ್ವರ ಬಂದರೂ ಆರೋಗ್ಯ ಇಲಾಖೆ ಇನ್ನೂ ಎಚ್ಚೆತ್ತಿಲ್ಲ. 2025-26ರಿಂದ ನಿಯಮವೂ ಸಡಿಲವಾಗಿದೆ: ವಿಷಯಕ್ಕೆ ಕನಿಷ್ಠ ಶೇ 30, ಒಟ್ಟು 625ರಲ್ಲಿ 206 ಬಂದರೆ ಪಾಸು. ಪರೀಕ್ಷೆಯೂ ವರ್ಷಕ್ಕೆ ಒಂದೇ ಸಲವಲ್ಲ. "ಒಂದರಾಗ ಹ್ವಾದ್ರ ಇನ್ನೊಂದು ಐತಲ್ಲವ್ವಾ" ಎಂದು ಇವನೇ ಅವ್ವನಿಗೆ ಧೈರ್ಯ ಹೇಳುತ್ತಾನೆ.

ಬೆಂಗಳೂರಿನಲ್ಲಿರುವ ಕಾಕಾನ ಮಗನೂ ಈ ಸಲ ಹತ್ತನೆಯವನೇ. ಅವನದು ಸಿಬಿಎಸ್‌ಇ, ಆ ಮಂಡಳಿಯ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್, ಜರ್ಮನ್ ಜೊತೆ ಸ್ಪ್ಯಾನಿಷ್ ಕೂಡ ಇದೆ. ಜಾತ್ರೆಗೆ ಬಂದವನು ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಆಡಿ ತೋರಿಸಿದ. ಪಡಸಾಲೆಯಲ್ಲಿ ಕೂತಿದ್ದ ಅಜ್ಜಿ ಶಾಂತವಾಗಿ ಕೇಳಿದಳು: "ಇದು ಯಾವ ಕ್ಯಾಂಪಿನವರ ಭಾಷಾ ತಮ್ಮಾ?" ಇಪ್ಪತ್ತು ದೇಶಗಳಲ್ಲಿ ಅದು ಆಡಳಿತ ಭಾಷೆ ಎಂದು ಮೊಮ್ಮಗ ವಿವರಿಸಿದ. ಅಜ್ಜಿಗೆ ಸಮಾಧಾನವಾಗಲಿಲ್ಲ, ಅವುಗಳಲ್ಲಿ ಒಂದೂ ಸಿಂಧನೂರಿನ ಆಸುಪಾಸಿನಲ್ಲಿರಲಿಲ್ಲ. ನಮ್ಮ ಹುಡುಗನಿಗೆ ಇದ್ದ ಅನುಮಾನವೇ ಬೇರೆ: "ಅದಕ್ಕೂ ಪಾಸಿಂಗ್ ಪ್ಯಾಕೇಜ್ ಕೊಡ್ತಾರೇನಲೇ?"

ಇದು ಇವನೊಬ್ಬನ ಹಣೆಬರಹವೂ ಅಲ್ಲ. ಅಶೋಕ ಚಕ್ರವರ್ತಿ ಮಸ್ಕಿಯ ಬಂಡೆಯ ಮೇಲೆ ಈ ಸೀಮೆಯ ಜನಕ್ಕೆ ಬರೆಸಿದ್ದು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬೀಳುವವರೆಗೆ ಆ ಪ್ರಶ್ನೆಪತ್ರಿಕೆ ಹೊರಜಗತ್ತಿಗೆ ಗೊತ್ತಿರಲಿಲ್ಲ. ಅದನ್ನು ಓದಲಾಗದವರಿಗೆ ಚಕ್ರವರ್ತಿ ಸಪ್ಲಿಮೆಂಟರಿ ಇಟ್ಟದ್ದಂತೂ ಎಲ್ಲೂ ದಾಖಲಾಗಿಲ್ಲ. ಆಮೇಲೆ ನಿಜಾಮರ ಕಾಲದಲ್ಲಿ ಕಚೇರಿಯ ಕಾಗದವೆಲ್ಲ ಉರ್ದು. ಮುತ್ತಜ್ಜ ಅದಕ್ಕೂ ಹೆಬ್ಬೆಟ್ಟು ಒತ್ತಿ ಹೊಲ ಉಳಿಸಿಕೊಂಡ. ಆಳುವವರು ಭಾಷೆ ಬದಲಿಸುತ್ತ ಹೋದರು, ಇಲ್ಲಿನವರು ಸಂತೆಗೆ ಬೇಕಾದಷ್ಟು ಕಲಿಯುತ್ತ ಹೋದರು.

ಹುಡುಗ ಹೇಗೋ ಪಾಸಾಗುತ್ತಾನೆ. ಪುಸ್ತಕ ತಂಗಿಗೆ ದಾಟುತ್ತದೆ. ಮುಂದೆ ಬೆಂಗಳೂರಿಗೋ ಗೋವಾಕ್ಕೋ ಪುಣೆಗೋ ಕೆಲಸಕ್ಕೆ ಹೋದವನು ಮೇಸ್ತ್ರಿಯ ಹತ್ತಿರ ಪಗಾರ ಕೇಳುವಷ್ಟು ಹೊಸ ಭಾಷೆಯನ್ನು ಮೊದಲ ಬಟವಾಡೆಯೊಳಗೆ ಕಲಿತಿರುತ್ತಾನೆ. ಅಲ್ಲಿ ಕಾ, ಕೀ, ಕೇ ತಪ್ಪಿದರೂ ಯಾರೂ ಪಗಾರ ಹಿಡಿಯುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ಇಂಥ ಹುಡುಗ ಎದುರಾದರೆ ಹಿಂದಿಯಲ್ಲಿ ಎಷ್ಟು ಬಂತು ಎಂದು ಕೇಳಬೇಡಿ. ನಿಮಗೆ ಬರುವ ಭಾಷೆಯಲ್ಲಿ ಹತ್ತಿಯ ರೇಟು ಕೇಳಿ. ಹೇಳುತ್ತಾನೆ, ಚೌಕಾಸಿಗಿಳಿದರೆ ಗೆಲ್ಲುವವನೂ ಅವನೇ.