ಸರ್ವೋಮೀಮಾಂಸೆ: ಬಂಡೆ ಹತ್ತುವ ಆಟದ ಬಂಡಿಯ ಸ್ಟೀರಿಂಗ್ ಕುರಿತ ಲಘು ಮಹಾಭಾಷ್ಯ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬುದು ಮೊದಲು ಇತ್ಯರ್ಥವಾಗಬೇಕು. ಗ್ರಂಥ ಬರೆಯುವವರ ಪದ್ಧತಿ ಅದು, ನಾವೂ ಮುರಿಯುವುದಿಲ್ಲ. ಮನೆಯಲ್ಲಿ ಓಡುವ ಕ್ರಾಲರ್ ಒಂದು, ಬಿಚ್ಚಿ ಹರಡಿಟ್ಟ ಕ್ರಾಲರ್ ಒಂದು, ಎರಡಕ್ಕೂ ಕೂರದ ಸ್ಕ್ರೂಗಳ ಡಬ್ಬಿ ಒಂದು ಉಳ್ಳವನು ಉತ್ತಮಾಧಿಕಾರಿ. ಬಂಡಿಯನ್ನೇ ಇನ್ನೂ ಕೊಳ್ಳದೆ, ಅದಕ್ಕೆ ಯಾವ ಸರ್ವೋ ಹಾಕಬೇಕೆಂದು ನಡುರಾತ್ರಿಯವರೆಗೆ ವಿಡಿಯೊ ನೋಡುವವನು ಮಧ್ಯಮಾಧಿಕಾರಿ. "ಇದಕ್ಕೆಲ್ಲ ಎಷ್ಟಾಯ್ತು?" ಎಂದು ಕೇಳುವ ಮನೆಯವರು ಅನಧಿಕಾರಿಗಳು, ಅವರೆದುರು ಈ ಗ್ರಂಥ ಬಿಚ್ಚಕೂಡದು.

ವಿಷಯ: ರೇಡಿಯೊ ನಿಯಂತ್ರಿತ ಕ್ರಾಲರ್‌ನ ಮುಂದಿನ ಚಕ್ರ ತಿರುಗಿಸಲು ಡಿಜಿಟಲ್ ಸರ್ವೋ ಯೋಗ್ಯವೋ, ಅನಲಾಗ್ ಸರ್ವೋ ಯೋಗ್ಯವೋ. ಪ್ರಯೋಜನ: ಭಾನುವಾರ ಬೆಳಗ್ಗೆ ಬಂಡೆಯ ಪಕ್ಕ ನಿಂತು ವಾದಿಸಲು ಸಾಮಗ್ರಿ. ಸಂಬಂಧ: ಓದುಗನಿಗೂ ಅವನ ಉಳಿತಾಯ ಖಾತೆಗೂ ಇರುವಂಥದ್ದು, ಗ್ರಂಥ ಮುಗಿಯುವಷ್ಟರಲ್ಲಿ ಸಡಿಲವಾಗುವಂಥದ್ದು.

ಕ್ರಾಲರ್‌ನ ಲಕ್ಷಣ ಹೇಳಿ ಮುಂದುವರಿಯೋಣ. ಹೆಚ್ಚಿನವು ಹತ್ತರಲ್ಲೊಂದು ಅಳತೆಯವು. ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದೆ ಮುಂದೆ ಇಡಿಯಾದ ಆಕ್ಸಲ್, ಮೆತ್ತನೆಯ ಟೈರು, ಆಮೆಗೂ ಬೇಸರ ತರಿಸುವ ಗೇರು. 1987ರಲ್ಲಿ ಟಾಮಿಯಾ ಕಂಪನಿ ಕ್ಲಾಡ್ ಬಸ್ಟರ್ ಎಂಬ ದೈತ್ಯಚಕ್ರದ ಟ್ರಕ್ಕನ್ನು ತಂದಿತ್ತು. ಅದರ ಆಕ್ಸಲ್ಲುಗಳನ್ನು ಕಿತ್ತು ಮನೆಯಲ್ಲೇ ಕೊರೆದ ಚಾಸಿಗೆ ಜೋಡಿಸಿ ಬಂಡೆ ಹತ್ತಿಸಿದ ಹವ್ಯಾಸಿಗಳು ಈ ಪರಂಪರೆಯ ಪೂರ್ವಾಚಾರ್ಯರು. ಇವರ ಸ್ಪರ್ಧೆಗಳಲ್ಲಿ ರಿವರ್ಸ್ ಹೋದರೆ ದಂಡದ ಅಂಕ, ಗೇಟಿನ ಕಂಬ ತಾಗಿದರೆ ಇನ್ನೂ ದೊಡ್ಡ ದಂಡ, ಕೊನೆಗೆ ಕಡಿಮೆ ಅಂಕದವನೇ ಗೆದ್ದ. ಶಾಲೆಯಲ್ಲಿ ನಮ್ಮ ಅಂಕಪಟ್ಟಿಗಳನ್ನೂ ಹೀಗೆಯೇ ಓದಿದ್ದರೆ ಎಷ್ಟು ಪ್ರತಿಭೆ ಬೆಳಕಿಗೆ ಬರುತ್ತಿತ್ತೋ.

ಸರ್ವೋ ಎಂಬುದು ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದಪ್ಪನೆಯ ಪೆಟ್ಟಿಗೆ. ಒಳಗೆ ಪುಟ್ಟ ಮೋಟರು, ಗೇರುಗಳ ಸಾಲು, ತಾನು ಎಷ್ಟು ತಿರುಗಿದ್ದೇನೆಂದು ಹೇಳುವ ಪೊಟೆನ್ಷಿಯೋಮೀಟರು, ಇವರ ಮೇಲೆ ಯಜಮಾನಿಕೆ ನಡೆಸುವ ಸರ್ಕ್ಯೂಟು. ಹೊರಗೆ ಮೂರು ವೈರು: ಪಾಸಿಟಿವ್, ನೆಗೆಟಿವ್, ಆಜ್ಞೆ. ಆಜ್ಞೆಯ ವೈರಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಬರುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಉದ್ದವಿದ್ದರೆ ನೇರ. 1ರ ಕಡೆಗೆ ಕುಗ್ಗಿದರೆ ಒಂದು ಪಕ್ಕ, 2ರ ಕಡೆಗೆ ಹಿಗ್ಗಿದರೆ ಇನ್ನೊಂದು ಪಕ್ಕ. ಇಲ್ಲಿಯವರೆಗೆ ಎರಡು ಮತಗಳಿಗೂ ಭೇದವಿಲ್ಲ. ಅದೇ ರಿಸೀವರು, ಅದೇ ಪ್ಲಗ್ಗು, ಅದೇ ಮಿಡಿತ. ಭೇದ ಇರುವುದು ಮಿಡಿತವನ್ನು ಕೇಳಿಸಿಕೊಂಡ ಮೇಲೆ ನಡೆಯುವ ವ್ಯವಹಾರದಲ್ಲಿ.

ಅನಲಾಗ್ ಸರ್ವೋ ತೊಟ್ಟಿಲು ತೂಗುವ ಅಜ್ಜಿಯ ಹಾಗೆ: ಒಮ್ಮೆ ನೂಕುತ್ತದೆ, ಕೈ ಬಿಡುತ್ತದೆ, ಮುಂದಿನ ಮಿಡಿತ ಬಂದಾಗ ಮತ್ತೆ ನೂಕುತ್ತದೆ. ನೂಕಿನ ಉದ್ದ ತಪ್ಪಿನ ಉದ್ದಕ್ಕೆ ತಕ್ಕಷ್ಟು. ಚಕ್ರ ಇರಬೇಕಾದ ಕಡೆಯಿಂದ ಬಹಳ ದೂರವಿದ್ದರೆ ಪೂರ್ತಿ ಬಲ. ಕೂದಲೆಳೆಯಷ್ಟು ದೂರವಿದ್ದರೆ ಕೂದಲೆಳೆಯಷ್ಟೇ ಬಲ. ಡಿಜಿಟಲ್ ಸರ್ವೋದಲ್ಲಿ ಒಂದು ಸಣ್ಣ ಪ್ರೊಸೆಸರ್ ಕುಳಿತಿದೆ. ಅದು ಆಜ್ಞೆಯನ್ನು ನೆನಪಿಟ್ಟುಕೊಂಡು ಸೆಕೆಂಡಿಗೆ 300 ಸಲ, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು ಸಲ, ಮೋಟರನ್ನು ತಿವಿಯುತ್ತಲೇ ಇರುತ್ತದೆ. ತಪ್ಪು ಚಿಕ್ಕದೆಂದು ರಿಯಾಯಿತಿ ಕೊಡುವ ಜಾಯಮಾನ ಅದಕ್ಕಿಲ್ಲ.

ಈಗ ಪೂರ್ವಪಕ್ಷ. ಅನಲಾಗ್ ವಾದಿ ಹೇಳುತ್ತಾನೆ: ಕ್ರಾಲರ್ ನಿಧಾನದ ಬಂಡಿ. ಒಂದು ಬಂಡೆ ಹತ್ತಲು ಅರ್ಧ ನಿಮಿಷ ಹಿಡಿಯುವ ಬಂಡಿಗೆ 60 ಡಿಗ್ರಿ ತಿರುಗಲು 0.08 ಸೆಕೆಂಡಾದರೇನು, 0.23 ಆದರೇನು? ಅನಲಾಗ್ ಅಗ್ಗ, ಕರೆಂಟು ಕಡಿಮೆ, ಸದ್ದಿಲ್ಲ. ಹೈಟೆಕ್ ಕಂಪನಿಯ ಎಚ್‌ಎಸ್-645ಎಂಜಿ ಎಂಬ ಅನಲಾಗ್ ಹಿರಿಯ, ಲೋಹದ ಗೇರಿನದು, 6 ವೋಲ್ಟ್‌ಗೆ 9.6 ಕೆಜಿ-ಸೆಂಮೀ ಬಲದ್ದು, ಎಷ್ಟೋ ಬಂಡಿಗಳಲ್ಲಿ ಮರ್ಯಾದೆಯಿಂದ ಬಾಳಿದೆ.

ವೇಗದ ಮಾತು ಒಪ್ಪಿದೆವು. ಡಬ್ಬಿಯ ಮೇಲೆ ವೇಗವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ರೇಸ್ ಕಾರಿನವರಿಗಾಗಿ. ಕ್ರಾಲರ್‌ನವನು ಅದಕ್ಕೆ ದುಡ್ಡು ತೆರುವುದು ನಡೆದು ಹೋಗುವವನು ಪೆಟ್ರೋಲ್ ಹಾಕಿಸಿಕೊಂಡಂತೆಯೇ ಸರಿ. ಬಲದ ಮಾತಿಗೆ ಮಾತ್ರ ಸಿದ್ಧಾಂತಿಯ ಆಕ್ಷೇಪವಿದೆ. ಎಡಗಡೆಯ ಟೈರು ಎರಡು ಬಂಡೆಗಳ ಸಂದಿನಲ್ಲಿ ಕಚ್ಚಿಕೊಂಡಿದೆ ಎನ್ನಿ. ಮೂತಿಯ ಭಾರವೆಲ್ಲ ಅದರ ಮೇಲೆ. ನೀವು ಕೇಳುವುದು ಬರೀ ಎರಡು ಡಿಗ್ರಿ ಎಡಕ್ಕೆ. ತಪ್ಪು ಚಿಕ್ಕದು, ಆದ್ದರಿಂದ ಅನಲಾಗ್‌ನ ನೂಕೂ ಚಿಕ್ಕದು, ಚಕ್ರ ಜಪ್ಪೆನ್ನುವುದಿಲ್ಲ. ಬೇಸತ್ತು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸುತ್ತೀರಿ. ತಪ್ಪು ದೊಡ್ಡದಾಯಿತು, ಪೂರ್ತಿ ಬಲ ಬಂತು, ಚಕ್ರ ಸಂದಿಯಿಂದ ಫಕ್ಕನೆ ಹಾರಿ ಬೇಡದ ಕಡೆಗೆ ಹೊರಳಿತು, ಬಂಡಿ ಮಗುಚಿತು. ಚಕ್ರ ತಾನಾಗಿ ನೇರವಿದ್ದಾಗಲೂ ಇದೇ ಕಥೆ: ಬಂಡೆ ಅದನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿದ ಮೇಲೆಯೇ ಅನಲಾಗ್‌ಗೆ ರೋಷ ಬರುವುದು. ಡಿಜಿಟಲ್ ಮೊದಲ ತಳ್ಳಿಗೇ ತಿರುಗಿ ಬೀಳುತ್ತದೆ. ಆದ್ದರಿಂದ ಹತ್ತರಲ್ಲೊಂದು ಅಳತೆಯ ಕ್ರಾಲರ್‌ಗೆ ಡಿಜಿಟಲ್ಲೇ ಸರಿ ಎಂಬುದು ಸಿದ್ಧಾಂತ.

ಪ್ರಮಾಣಗಳ ವಿಚಾರ. ಮೊದಲನೆಯದು ಶಬ್ದಪ್ರಮಾಣ, ಅಂದರೆ ಡಬ್ಬಿಯ ಮೇಲಿನ ಬರಹ. ಇದು ಅತ್ಯಂತ ದುರ್ಬಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಜಿ995, ಎಂಜಿ996ಆರ್ ಎಂಬ ಹೆಸರುಗಳು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಅವರ ಪ್ರಾಜೆಕ್ಟ್ ರೋಬೋಗಳ ಕೈಕಾಲು ಅವೇ. ಒಂದೇ ಹೆಸರು, ಒಂದೇ ಸ್ಟಿಕರ್ ಹೊತ್ತ ನಕಲುಗಳು ಅಸಂಖ್ಯ. ಒಳಗಿನ ಸರ್ಕ್ಯೂಟು ಯಾವ ಮತದ್ದೆಂದು ಸ್ಟಿಕರ್ ಹೇಳಿದ್ದನ್ನು ನಂಬುವಂತಿಲ್ಲ. ಪ್ರತ್ಯಕ್ಷವೇ ಮೇಲು. ಕರೆಂಟು ಇರುವಾಗಲೇ ಆಜ್ಞೆಯ ವೈರನ್ನು ಮಾತ್ರ ಕಿತ್ತು, ಸರ್ವೋದ ಅಕ್ಷಕ್ಕೆ ಕೂರಿಸಿದ ತೋಳನ್ನು, ಅಂದರೆ ಹಾರ್ನನ್ನು, ಬೆರಳಿನಿಂದ ತಿರುಗಿಸಿ ನೋಡಿ. ಮಿಡಿತ ನಿಂತ ಕೂಡಲೇ ಅನಲಾಗ್ ಮೈ ಸಡಿಲ ಬಿಡುತ್ತದೆ. ಡಿಜಿಟಲ್‌ಗಳಲ್ಲಿ ಬಹುಪಾಲು ಕೊನೆಯ ಆಜ್ಞೆಯನ್ನೇ ಹಿಡಿದು ಸೆಟೆದು ನಿಲ್ಲುತ್ತವೆ. ಕಿವಿಯೂ ಪ್ರಮಾಣವೇ. ಭಾರ ಬಿದ್ದಾಗ ಸೊಳ್ಳೆಯಂತೆ ಗುಂಯ್‌ಗುಡುವುದು ಡಿಜಿಟಲ್. ಬಂಡಿ ನಿಂತಿದ್ದರೂ ಅದು ಗುನುಗುತ್ತಿರುವುದನ್ನು ಕೇಳಿ ಕೆಟ್ಟಿದೆಯೆಂದು ವಾಪಸ್ಸು ಕಳಿಸುವವರಿದ್ದಾರೆ. ಅದು ಕೆಲಸ ಮಾಡುವ ಸದ್ದು; ಕೆಲಸ ಮಾಡುವವರ ಸದ್ದಿಗೆ ನಮ್ಮಲ್ಲಿ ಅಭ್ಯಾಸ ಕಡಿಮೆ.

ಇಲ್ಲಿ ಭೇದಾಭೇದವಾದಿ ಎದ್ದು ನಿಲ್ಲುತ್ತಾನೆ, ಅವನನ್ನು ಕೂರಿಸುವುದು ಕಷ್ಟ. 1970-80ರ ದಶಕಗಳ ರೇಡಿಯೊ ಸೆಟ್ಟುಗಳ ಮೇಲೆ 'ಡಿಜಿಟಲ್ ಪ್ರೊಪೋರ್ಷನಲ್' ಎಂದು ಅಚ್ಚಾಗಿರುತ್ತಿತ್ತು, ಜೊತೆಗೆ ಬರುತ್ತಿದ್ದ ಸರ್ವೋ ಮಾತ್ರ ಅನಲಾಗ್. ಇತ್ತ ಇಂದಿನ ಡಿಜಿಟಲ್ ಸರ್ವೋ ಬಿಚ್ಚಿದರೆ ಬಹಳಷ್ಟರಲ್ಲಿ ಅದೇ ಹಳೆಯ ಪೊಟೆನ್ಷಿಯೋಮೀಟರು, ಶುದ್ಧ ಅನಲಾಗ್, ಕೆಸರು ನುಗ್ಗಿದರೆ ತಾನೂ ನಡುಗಿ ಚಕ್ರವನ್ನೂ ನಡುಗಿಸುವಂಥದ್ದು. ಹಾಗಾದರೆ ಯಾವುದು ಯಾವುದು? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತದೆ.

ಬ್ಯಾಟರಿ ಎಂದಿರಾ? ಎರಡು ಮತದವರೂ ಮರೆತದ್ದು ಅದನ್ನೇ. ಸರ್ವೋಗೆ ಅನ್ನ ಹಾಕುವುದು ಸ್ಪೀಡ್ ಕಂಟ್ರೋಲರ್‌ನೊಳಗಿನ ಬಿಇಸಿ ಎಂಬ, ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟು. ಅನೇಕ ಕಂಟ್ರೋಲರ್‌ಗಳಲ್ಲಿ ಅದರ ಶಕ್ತಿ 3 ಆಂಪಿಯರ್ ಆಸುಪಾಸು. ರಿಸೀವರ್ ಉಣ್ಣುವುದೂ ಅದೇ ಪಂಕ್ತಿಯಲ್ಲಿ. 25 ಕೆಜಿ-ಸೆಂಮೀ ಡಿಜಿಟಲ್ ಸರ್ವೋ ಬಂಡೆಗೆ ಸಿಕ್ಕಿ ಸ್ತಬ್ಧವಾದ ಕ್ಷಣ ಇದ್ದುದನ್ನೆಲ್ಲ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಕಣ್ಣುಮುಚ್ಚುತ್ತದೆ. ನೋಡುವವರಿಗೆ ಕಾಣುವುದಿಷ್ಟು: ಚಕ್ರ ತಿರುಗಿಸಿದ ಕೂಡಲೇ ಬಂಡಿ ಒಂದು ಗಳಿಗೆ ಸತ್ತಂತಾಗಿ, ಲೈಟು ಮಿನುಗಿ, ಮತ್ತೆ ಎದ್ದಿತು. ಸರ್ವೋಗೆ ಬಲ ಸಾಲದು ಎಂದು ತೀರ್ಮಾನಿಸಿದವನು 35 ಕೆಜಿಯದನ್ನು ತರಿಸುತ್ತಾನೆ. ಅದು ಇನ್ನೂ ಹೆಚ್ಚು ಎಳೆಯುತ್ತದೆ. ಬಂಡಿ ಇನ್ನೂ ಚೆನ್ನಾಗಿ ಸಾಯುತ್ತದೆ. ರಿಸೀವರಿಗೆ ದಪ್ಪ ಕೆಪಾಸಿಟರ್ ಚುಚ್ಚುವ ಪರಿಹಾರವೊಂದಿದೆ. ಕ್ಷಣದ ಕುಸಿತಕ್ಕೆ ಅದು ಸಾಕು, ಮೂರು ಸೆಕೆಂಡು ಬಂಡೆಯೊಡನೆ ಗುದ್ದಾಡುವ ಸರ್ವೋಗೆ ಸಾಲದು. ಬ್ಯಾಟರಿಯಿಂದ ನೇರ ಬರುವ ಪ್ರತ್ಯೇಕ ಬಿಇಸಿಯೊಂದನ್ನು ಸರ್ವೋಗೆ ಕಟ್ಟುವುದೇ ಶಾಸ್ತ್ರಸಮ್ಮತ. ಎರಡು ಸೆಲ್‌ನ ಲಿಪೊ ತುಂಬಿದಾಗ 8.4 ವೋಲ್ಟ್; ಅಷ್ಟನ್ನು ತಡೆಯುವ ಸರ್ವೋಗಳೂ ಬಂದಿವೆ. 6 ವೋಲ್ಟಿನದಕ್ಕೆ ಅದನ್ನು ಕೊಟ್ಟರೆ ಧೂಮದರ್ಶನ, ಆಮೇಲೆ ಅಗ್ನಿಯ ಅನುಮಾನ.

ಲೆಕ್ಕವನ್ನೂ ಒಮ್ಮೆ ಮಾಡಿಕೊಳ್ಳಿ. 20 ಕೆಜಿ-ಸೆಂಮೀ ಎಂದರೆ ಅಕ್ಷದಿಂದ 1 ಸೆಂಮೀ ದೂರದಲ್ಲಿ 20 ಕೆಜಿ. ಹಾರ್ನಿನಲ್ಲಿ ಲಿಂಕ್ ಸಿಕ್ಕಿಸುವ ತೂತು 2 ಸೆಂಮೀ ದೂರವಿದ್ದರೆ ಅಲ್ಲಿ ಸಿಗುವುದು 10 ಕೆಜಿ. ಒಳಗಿನ ತೂತಿಗೆ ಬಂದರೆ ಬಲ ಹೆಚ್ಚು, ತಿರುಗುವಿಕೆ ಕಡಿಮೆ. ಜೊತೆಗೆ ಬರುವ ಪ್ಲಾಸ್ಟಿಕ್ ಹಾರ್ನು ಇಂಥ ಬಲಕ್ಕೆ ಹಲ್ಲು ಕಳಕೊಳ್ಳುತ್ತದೆ. ಅಲ್ಯೂಮಿನಿಯಂ ಹಾಕಿ, ಹಲ್ಲೆಣಿಸಿ ಕೊಳ್ಳಿ: 25 ಹಲ್ಲಿನ ಅಕ್ಷಕ್ಕೆ 24ರ ಹಾರ್ನು ಕೂರುವುದಿಲ್ಲ, ಎಷ್ಟು ಪ್ರೀತಿಯಿಂದ ಅದುಮಿದರೂ. ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟ್ ಹೊಂದಿಸುವುದು ಕೊನೆಯ ಸಂಸ್ಕಾರ, ಅದನ್ನು ಬಿಟ್ಟರೆ ಸರ್ವೋಗೇ ಅಂತ್ಯಸಂಸ್ಕಾರ: ಚಕ್ರ ಆಕ್ಸಲ್ಲಿಗೆ ತಾಗಿ ನಿಂತ ಮೇಲೂ ಡಿಜಿಟಲ್ ಮಹಾಶಯ ಒತ್ತುತ್ತಲೇ ಇದ್ದು ಮೋಟರನ್ನು ಸುಟ್ಟುಕೊಳ್ಳುತ್ತಾನೆ. ಈ ವಿಷಯದಲ್ಲಿ ಅನಲಾಗ್‌ನ ಸೋಮಾರಿತನವೇ ಅದರ ಆಯುಷ್ಯ. ಪೂರ್ವಪಕ್ಷಿಗೆ ಇಷ್ಟನ್ನು ಬಿಟ್ಟುಕೊಡಬೇಕು.

ಇಪ್ಪತ್ತನಾಲ್ಕರಲ್ಲೊಂದು ಅಳತೆಯ, ಅಂಗೈ ಮೇಲೆ ಕೂರುವ ಕ್ರಾಲರ್‌ಗಳಿಗೆ ಈ ಶಾಸ್ತ್ರ ಅನ್ವಯಿಸುವುದೇ ಎಂದು ಶಿಷ್ಯರು ಕೇಳಿದ್ದಾರೆ. ಅಲ್ಲಿ ಗೇರುಗಳೇ ಪ್ಲಾಸ್ಟಿಕ್ಕಾಗಿದ್ದರೆ ಡಿಜಿಟಲ್ಲೋ ಅನಲಾಗೋ ಎಂಬ ಸಂಶಯ ಹುಟ್ಟುವ ಮೊದಲೇ ಹಲ್ಲು ಉದುರಿರುತ್ತದೆ. ಆದರೂ ವಾದ ಬಿಡಬಾರದೆಂದು ಎರಡೂ ಪಕ್ಷದ ಪಂಡಿತರು ಸರ್ವೋದ ಮೈಮೇಲಿನ ಅಕ್ಷರ ಓದಲು ಭೂತಗನ್ನಡಿ ಹುಡುಕುತ್ತಿದ್ದಾರೆ.