ಕಾಯ್ದೆ ಕಾಕಾ

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಡಾಕ್ಟರು, ವಕೀಲರು, ನಿವೃತ್ತ ಇಂಜಿನಿಯರುಗಳಿಗೆ ಎಂದೂ ಬರ ಬಂದದ್ದಿಲ್ಲ. ಮನೆಯಲ್ಲೇ ಕೂತು ಅಮೆರಿಕದ ಕಾಯ್ದೆ ಕಾಯುವವರು ಮಾತ್ರ ಹೊಸಬರು. ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ತಂದು, ಅಪ್ಪ ಕಟ್ಟಿಸಿದ ಮನೆಯ ಮಾಳಿಗೆ ಕೋಣೆಗೊಂದು ಕೂಲರ್ ಹಾಕಿಸಿ, ಅಲ್ಲೇ ಬೇರು ಬಿಟ್ಟವರು. ನಮ್ಮ ಓಣಿಯಲ್ಲೂ ಒಬ್ಬರಿದ್ದಾರೆ. ಹುಡುಗರು ಇಟ್ಟ ಹೆಸರು ಕಾಯ್ದೆ ಕಾಕಾ. ವಿಸಿಟಿಂಗ್ ಕಾರ್ಡಿನಲ್ಲಿ ಅವರ ಹುದ್ದೆ ಮೂರು ಸಾಲು ಹಿಡಿಯುತ್ತದೆ. ಕೆಲಸ ಇಷ್ಟೇ, ವಿದೇಶಿ ಕಂಪನಿಯೊಂದರ ಇಲ್ಲಿನ ಮಂದಿ ಯಾರಿಗೂ ಲಂಚ ಕೊಡದಂತೆ ನೋಡಿಕೊಳ್ಳುವುದು. ಅವರ ಅವ್ವ ಅದನ್ನೂ ಚುಟುಕು ಮಾಡಿದ್ದಾರೆ. ಶರಣಬಸವೇಶ್ವರ ಗುಡಿಯಲ್ಲಿ ಯಾರಾದರೂ ವಿಚಾರಿಸಿದರೆ, "ನಮ್ಮ ಹುಡುಗ ಲಂಚದ ಡಿಪಾರ್ಟ್‌ಮೆಂಟಿನ್ಯಾಗ ದೊಡ್ಡ ಸಾಹೇಬ ಇದ್ದಾನ್ರಿ" ಅನ್ನುತ್ತಾರೆ. ಕೇಳಿದವರ ಕಣ್ಣಲ್ಲಿ ಗೌರವ ಏರುತ್ತದೆ. ಒಬ್ಬಾಕೆ "ಮತ್ತ ಮ್ಯಾಲಿಂದು ಎಷ್ಟು ಬೀಳ್ತದ್ರಿ?" ಎಂದು ಕೇಳಿಯೂ ಬಿಟ್ಟರಂತೆ.

ಕಾಕಾರ ಕುಲದೇವತೆ ಎಫ್‌ಸಿಪಿಎ. ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡಬಾರದೆಂದು 1977ರಲ್ಲಿ ಅಮೆರಿಕ ಮಾಡಿದ ಕಾಯ್ದೆ. ವಾಟರ್‌ಗೇಟ್ ಗದ್ದಲದ ಬೆನ್ನಿಗೆ ಅಲ್ಲಿನ ಕಂಪನಿಗಳ ಲೆಕ್ಕದ ಪುಸ್ತಕ ಬಿಚ್ಚಿದಾಗ, ಹೊರದೇಶದ ದೊರೆಗಳ ಕೈ ಬಿಸಿ ಮಾಡಿದ್ದುಂಟು ಎಂದು ನಾನೂರಕ್ಕೂ ಮೇಲೆ ಕಂಪನಿಗಳು ಒಪ್ಪಿಕೊಂಡವು. ಚಹಾದಂಗಡಿ ಕಟ್ಟೆಯ ಮೇಲೆ ಇದರ ಉತ್ಪತ್ತಿಯಿಂದ ಹಿಡಿದು ಮಹಿಮೆಯವರೆಗೆ ಕಾಕಾ ಪುರಾಣದ ಧಾಟಿಯಲ್ಲಿ ಹೇಳುತ್ತಾರೆ. ಅವರಿಗೆ ಬಹಳ ಇಷ್ಟದ ಅಧ್ಯಾಯ ಚೆನ್ನೈನದು. 2014ರಲ್ಲಿ ಕಾಗ್ನಿಜೆಂಟ್ ಕಂಪನಿಯ ಕ್ಯಾಂಪಸ್ಸಿಗೆ ಕಟ್ಟಡ ಪರವಾನಗಿ ಬೇಕಿತ್ತು. ಅದಕ್ಕಾಗಿ ಅಧಿಕಾರಿಯೊಬ್ಬರಿಗೆ 20 ಲಕ್ಷ ಡಾಲರ್ ಮುಟ್ಟಿಸಲು ಗುತ್ತಿಗೆದಾರನಿಗೆ ಒಪ್ಪಿಗೆ ಕೊಟ್ಟು, ಆ ದುಡ್ಡನ್ನು ಹೆಚ್ಚುವರಿ ಕಾಮಗಾರಿ ಬಿಲ್ಲಿನಲ್ಲಿ ಸೇರಿಸಿ ತೀರಿಸಿದರು ಎಂಬುದು ಅಮೆರಿಕದ ಷೇರುಪೇಟೆ ಕಾಯುವ ಎಸ್‌ಇಸಿಯ ಆರೋಪ. ಕಂಪನಿ ತಾನೇ ಹೋಗಿ ವಿಷಯ ಹೇಳಿತು. 2019ರ ಫೆಬ್ರುವರಿಯಲ್ಲಿ, ಆರೋಪ ಒಪ್ಪದೆ ಅಲ್ಲಗಳೆಯದೆ, ಸುಮಾರು 2.5 ಕೋಟಿ ಡಾಲರ್ ಕಟ್ಟಿ ಕೈ ತೊಳೆದುಕೊಂಡಿತು.

"ಚೆನ್ನೈನ್ಯಾಗ ಕೊಟ್ಟಿದ್ದಕ್ಕ ಅಮೆರಿಕದಾವ್ರಿಗೆ ಯಾಕ ಹೊಟ್ಟಿ ಉರೀತದ್ರಿ ಕಾಕಾ?" ಎಂದರೆ ಕಾಕಾ ಮುಂದಕ್ಕೆ ಬಾಗುತ್ತಾರೆ. "ಷೇರು ಅಲ್ಲಿ ಮಾರ್ತಾರಪ್ಪ. ಅದೂ ಬ್ಯಾಡ, ಒಂದ್ ಡಾಲರ್ ನ್ಯೂಯಾರ್ಕ್ ಬ್ಯಾಂಕಿನ ಹೊಸ್ತಿಲ ತುಳಿದ್ರ, ಒಂದ್ ಇಮೇಲ್ ಅಲ್ಲಿನ ಸರ್ವರ್ ಮುಟ್ಟಿದ್ರ, ಹಿಡೀಲಾಕ ದಾರಿ ಆತು." ಈ ಮಾತು ಕೇಳಿದಾಗಿನಿಂದ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಅವರಿಗೆ ಯಾರೂ ಗುಡ್ ಮಾರ್ನಿಂಗ್ ಕಳಿಸುವುದಿಲ್ಲ.

ಈ ಕಾಯ್ದೆಯ ಕಣ್ಣಲ್ಲಿ ನಮ್ಮ ತಹಸೀಲ್ದಾರರಷ್ಟೇ ಅಲ್ಲ, ಸರ್ಕಾರಿ ದವಾಖಾನೆಯ ಡಾಕ್ಟರು, ಸರ್ಕಾರಿ ಬ್ಯಾಂಕಿನ ಗುಮಾಸ್ತರು, ಜೆಸ್ಕಾಂ ಲೈನ್‌ಮನ್ ಎಲ್ಲರೂ "ವಿದೇಶಿ ಅಧಿಕಾರಿ"ಗಳು. ಪಕ್ಕದ ಓಣಿಯಲ್ಲೇ ಹುಟ್ಟಿ ಬೆಳೆದ ನಮ್ಮ ಲೈನ್‌ಮನ್ ಇದನ್ನು ಕೇಳಿ, ಕಂಬದಿಂದ ಇಳಿದು ಬಂದು, "ಹಂಗಂದ್ರ ನನ್ನ ಪಗಾರ ಡಾಲರ್‌ನ್ಯಾಗ ಯಾಕ ಬರವಲ್ದು ಕಾಕಾ?" ಎಂದ. ಕಾಕಾ ನಗಲಿಲ್ಲ. ಕಮಲಾಪುರದ ಬೀಗರು ಕಳಿಸಿದ ಕೆಂಪು ಬಾಳೆಹಣ್ಣನ್ನು ಅವರು ಓಣಿಗೆಲ್ಲ ಹಂಚುತ್ತಾರೆ. ಸರ್ಕಾರಿ ನೌಕರರ ಮನೆ ಬಂದಾಗ ಮಾತ್ರ ಬುಟ್ಟಿ ಎದೆಗವಚಿಕೊಂಡು ಮುಂದೆ ಸಾಗುತ್ತಾರೆ. ಬೆಲೆಬಾಳುವ ಯಾವುದೇ ವಸ್ತು ಎಂದು ಕಾಯ್ದೆ ಹೇಳುತ್ತದಂತೆ, ಇಷ್ಟು ರೂಪಾಯಿಯಿಂದ ಮೇಲೆ ಎಂದು ಹೇಳಿಲ್ಲವಂತೆ. ಅದರಲ್ಲೂ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಬೇರೆ ಇದೆ.

ಯಾರೋ ಒಬ್ಬರು, "ಸಾಹೇಬ್ರ ಅಳಿಯಗ ನಿಮ್ಮ ಕಂಪನ್ಯಾಗೊಂದು ಕೆಲಸ ಹಚ್ರಿ, ಉಪಕಾರ ಆಗ್ತದ" ಎಂದು ಬಂದಾಗ ಕಾಕಾ ಬೆವರಿದ್ದನ್ನು ನಾನೇ ನೋಡಿದ್ದೇನೆ. ಚೀನಾದಲ್ಲಿ ಅಧಿಕಾರಿಗಳ ಮಕ್ಕಳು ಮರಿಗೆ ನೌಕರಿ ಕೊಟ್ಟ ತಪ್ಪಿಗೆ ಜೆಪಿ ಮಾರ್ಗನ್ 2016ರಲ್ಲಿ 26.4 ಕೋಟಿ ಡಾಲರ್ ತೆತ್ತ ಕಥೆಯನ್ನು ಬಂದವರಿಗೆ ನೀರು ಕೊಡುವ ಮೊದಲೇ ಹೇಳಿ ಮುಗಿಸಿದರು. ಗಣಪತಿ ಪಟ್ಟಿ ಕೇಳಲು ಹೋದವರಿಗೆ ಪೋಲೆಂಡಿನ ಕೋಟೆಯ ಕಥೆ ಸಿಕ್ಕಿತು. ಅಲ್ಲಿ ಹಳೇ ಕೋಟೆ ಜೀರ್ಣೋದ್ಧಾರ ಮಾಡುವ ಒಂದು ಸಂಸ್ಥೆ. ಅದರ ಅಧ್ಯಕ್ಷನೇ ಸರ್ಕಾರದ ಔಷಧಿ ಖರೀದಿಗೆ ದುಡ್ಡು ಬಿಡುವ ಆರೋಗ್ಯ ನಿಧಿಯ ಮುಖ್ಯಸ್ಥ. ಶೆರಿಂಗ್-ಪ್ಲೌ ಔಷಧ ಕಂಪನಿ ಆ ಕೋಟೆಗೆ ದೇಣಿಗೆ ಕೊಟ್ಟು, 2004ರಲ್ಲಿ 5 ಲಕ್ಷ ಡಾಲರ್ ದಂಡ ಕಟ್ಟಿತು. "ನಿಮ್ಮ ಮಂಡಳಿ ಅಧ್ಯಕ್ಷರು ಯಾರು, ಮೊದಲ ಹೇಳ್ರಿ" ಎಂದರು ಕಾಕಾ. ಹುಡುಗರು ಪಾವತಿ ಪುಸ್ತಕ ಮಡಚಿಕೊಂಡು ಕಿರಾಣಿ ಅಂಗಡಿಗೆ ಹೋದರು.

2025ರ ಫೆಬ್ರುವರಿಯಲ್ಲಿ ಕಾಕಾ ಮುಖ ಬಾಡಿದ್ದನ್ನು ಮಾತ್ರ ಹೇಳಲೇಬೇಕು. ಟ್ರಂಪ್ ಆ ಕಾಯ್ದೆಯ ಜಾರಿಯನ್ನೇ ತಡೆಹಿಡಿಯಿರಿ ಎಂದು ಆದೇಶ ಹೊರಡಿಸಿದರು. ಏಪ್ರಿಲ್‌ನಲ್ಲಿ ಚೆನ್ನೈ ಪ್ರಕರಣದ ಇಬ್ಬರು ಮಾಜಿ ಅಧಿಕಾರಿಗಳ ಮೇಲಿನ ಕೇಸೂ ವಜಾ ಆಯಿತು. "ನೌಕರಿ ಹೊಂಟ್ತೇನ್ ಕಾಕಾ?" ಎಂದು ಹುಡುಗರು ಕನಿಕರದಿಂದಲೇ ಕೇಳಿದರು. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. "ಹಳೇ ಕೇಸ್ ತೆಗೀಲಾಕ ಐದು ವರ್ಷ ಅವಧಿ ಅದ. ಟ್ರಂಪ್ ಇರೋದು ನಾಲ್ಕೇ ವರ್ಷ. ಮ್ಯಾಲೆ ಬ್ರಿಟಿಷರು ಅದಾರ." ಬ್ರಿಟನ್ನಿನ ಲಂಚ ಕಾಯ್ದೆ 2011ರ ಜುಲೈನಿಂದ ಜಾರಿಯಲ್ಲಿದೆ, ಫೈಲು ಬೇಗ ಸರಿಯಲೆಂದು ಕೊಡುವ ಚಹಾಪಾನಿಗೆ ಅಮೆರಿಕ ಒಂದಿಷ್ಟು ಕಣ್ಣು ಮುಚ್ಚುತ್ತದೆ, ಬ್ರಿಟಿಷರು ಅದನ್ನೂ ಬಿಡುವುದಿಲ್ಲ. ಜೂನ್‌ನಲ್ಲಿ ಅಮೆರಿಕ ಹೊಸ ಮಾರ್ಗಸೂಚಿ ಹಾಕಿ ಕೆಲಸ ಮತ್ತೆ ಶುರು ಮಾಡಿದಾಗ ಕಾಕಾ ಪೇಢಾ ತಂದರು.

ಅದೇ ಹೊತ್ತಿಗೆ ಕಾಕಾರ ಅಪ್ಪನ ಹೆಸರಿನ ಹೊಲಕ್ಕೆ ವಾರಸಾ ಹಚ್ಚಿಸುವ ಕೆಲಸ ಬಂತು. ಕಚೇರಿ ಯಾವುದು ಅನ್ನುವುದು ಬೇಡ. ಅರ್ಜಿ ಕೊಟ್ಟಾಯಿತು, ಸಕಾಲದ ರಸೀದಿ ಬಂತು, ಫೈಲು ಮಾತ್ರ ಕೂತಲ್ಲೇ ಕೂತಿತು. ಕಡೆಗೆ ಕಚೇರಿ ಹೊರಗೆ ಬೇವಿನ ಗಿಡದ ಕೆಳಗೆ ಕುಂಡ್ರುವ ಏಜೆಂಟನನ್ನು ಮನೆಗೆ ಕರೆಸಿದರು. ಹೊರದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚದ ಕೇಸುಗಳಲ್ಲಿ ನಾಲ್ಕರಲ್ಲಿ ಮೂರು ನಡುವಿನವರ ಕೈಯಿಂದಲೇ ಆದವು ಎಂದು ಶ್ರೀಮಂತ ದೇಶಗಳ ಕೂಟ ಒಇಸಿಡಿ 2014ರಲ್ಲೇ ಲೆಕ್ಕ ಕೊಟ್ಟಿದೆ. ಅದಕ್ಕೇ ಕಾಕಾ ಮೊದಲು ನಾಲ್ಕು ಪುಟದ ಫಾರ್ಮ್ ಮುಂದಿಟ್ಟರು.

"ಸರ್ಕಾರಿ ಅಧಿಕಾರಿಗಳ ಜೋಡಿ ನಿಮಗ ಸಂಬಂಧ ಅದ ಏನು?"

ಏಜೆಂಟ ಪಾನ್ ಒಂದು ಗಲ್ಲಕ್ಕೆ ಸರಿಸಿದ. "ಎಂಥಾ ಮಾತ್ರಿ ಸಾಹೇಬ್ರ! ಇಲ್ಲದಿದ್ರ ನನ್ನ ಕಡೀ ಯಾಕ ಬರ್ತಿದ್ರಿ?"

"ಕೆಲಸ ಆದ್ರ ಮಾತ್ರ ರೊಕ್ಕ ತಗೋತೀರೇನು?"

"ಆಗದಿದ್ರೂ ಕೊಡ್ತೀನಂದ್ರ ನಾ ಏನ್ ಬ್ಯಾಡ ಅಂತೀನಾ?"

ಎರಡೂ ಉತ್ತರದ ಮುಂದೆ ಕಾಕಾ ಕೆಂಪು ಪೆನ್ನಿನಿಂದ ಗೀಟು ಎಳೆದು, ಹೈ ರಿಸ್ಕ್ ಎಂದು ಬರೆದು ಕಳಿಸಿಬಿಟ್ಟರು. ತಿಂಗಳುಗಳು ಉರುಳಿದವು. ಒಂದು ಮುಂಜಾನೆ ಅವ್ವ ತಮ್ಮ ಹೆಸರು ಹತ್ತಿದ ಪಹಣಿ ತಂದು ಮೇಜಿನ ಮೇಲಿಟ್ಟರು. ಕಾಕಾ ಬಾಯಿ ತೆರೆದರು. "ನೀ ಕೇಳಬ್ಯಾಡ, ನಾ ಹೇಳಂಗಿಲ್ಲ" ಎಂದರು ಅವ್ವ. ಗೊತ್ತಿದ್ದೂ ಕಣ್ಣು ಮುಚ್ಚಿದರೆ ಗೊತ್ತಿದ್ದಂತೆಯೇ ಲೆಕ್ಕ ಎಂದು ವರ್ಷಕ್ಕೊಮ್ಮೆ ಇಡೀ ದಕ್ಷಿಣ ಏಷ್ಯಾಕ್ಕೆ ಪಾಠ ಮಾಡುವವರು ಕಾಕಾ. ಆವತ್ತು ಪಹಣಿ ಮಡಚಿ ಟ್ರಂಕಿನಲ್ಲಿಟ್ಟು, "ಇದು ಮನಿ ರೊಕ್ಕ, ಕಂಪನಿದಲ್ಲ" ಎಂದು ನನಗೆ ಸಮಜಾಯಿಷಿ ಕೊಟ್ಟರು. ಕಾಕಾ ಹೆದರುವುದು ವಾಷಿಂಗ್ಟನ್‌ಗೆ, ದೇಶದ ಕಾಯ್ದೆಗಲ್ಲ. ನಮ್ಮ 1988ರ ಭ್ರಷ್ಟಾಚಾರ ತಡೆ ಕಾಯ್ದೆ 2018ರ ತಿದ್ದುಪಡಿಯ ಮೇಲೆ ಕೊಟ್ಟವನನ್ನೂ ಬಿಡುವುದಿಲ್ಲ: ಏಳು ವರ್ಷದವರೆಗೆ ಜೈಲು, ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ಹೇಳಬೇಕು. ಕಾಕಾರ ಪಾಠದಲ್ಲಿ ಇದಕ್ಕೆ ಒಂದೇ ಸ್ಲೈಡು, ಅದೂ ಊಟದ ಹೊತ್ತಿಗೆ ಬರುತ್ತದೆ. ನೋಟಿಗೆ ಪುಡಿ ಸವರಿ, ಕೈ ತೊಳೆಸಿ, ನೀರು ಗುಲಾಬಿಯಾಯಿತೆಂದು ಪಂಚರ ಸಹಿ ಹಾಕಿಸುವ ಲೋಕಾಯುಕ್ತ ಪೊಲೀಸರ ಕೆಲಸ ಅವರ ದೃಷ್ಟಿಯಲ್ಲಿ ಚಿಲ್ಲರೆ ವ್ಯಾಪಾರ.

ಮೊನ್ನೆ ಆ ಬೇವಿನ ಗಿಡದ ಕಡೆ ಹೋಗಿದ್ದೆ. ಕಾಕಾ ಕೊಟ್ಟ ನಾಲ್ಕು ಪುಟಕ್ಕೂ ಲ್ಯಾಮಿನೇಷನ್ ಮಾಡಿಸಿ ಏಜೆಂಟ ಕೊಂಬೆಗೆ ತೂಗುಹಾಕಿದ್ದಾನೆ, ಕೆಂಪು ಗೀಟು ಎದ್ದು ಕಾಣುವಂತೆ. ಬಂದವರಿಗೆ ತೋರಿಸಿ, "ಅಮೆರಿಕದ ಕಂಪನಿ ನನ್ನ ಇಂಟರ್‌ವ್ಯೂ ಮಾಡ್ಯದ್ರಿ, ಹೈ ಅಂತ ಬರದು ಕೊಟ್ಟದ" ಅನ್ನುತ್ತಾನೆ. ರೇಟು ಏರಿಸಿದ್ದಾನೆ.